ಹಳೆಯ ಜ್ಯಾಝ್ ಧ್ವನಿಮುದ್ರಣಗಳ ಪಿಯಾನೊ ನಾದ: ಯಾವ ನಾದಕ್ಕೆ ಯಾವ ದಾರಿ

1956ರ ಮೇ 11 ಮತ್ತು ಅಕ್ಟೋಬರ್ 26ರಂದು ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ಐವರ ತಂಡ ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್ ಎಂಬ ಊರಿನ ಒಂದು ಮನೆಯ ಹಾಲಿನಲ್ಲಿ ನುಡಿಸಿದ ಸಂಗೀತ ಮುಂದೆ ನಾಲ್ಕು ಎಲ್‌ಪಿ ಗ್ರಾಮಫೋನ್ ತಟ್ಟೆಗಳಾಗಿ ಹೊರಬಂತು. ಅಲ್ಲಿ ಪಿಯಾನೊ ನುಡಿಸಿದವರು ರೆಡ್ ಗಾರ್ಲಂಡ್. ಸುಮಾರು ಮೂರು ವರ್ಷಗಳ ಅನಂತರ, 1959ರ ಮಾರ್ಚ್ 2 ಮತ್ತು ಏಪ್ರಿಲ್ 22ರಂದು, ಅದೇ ಡೇವಿಸ್ ಹಡ್ಸನ್ ನದಿಯ ಇನ್ನೊಂದು ದಡದ ಮ್ಯಾನ್‌ಹಾಟನ್ನಿನಲ್ಲಿ, ಹಿಂದೆ ಚರ್ಚ್ ಆಗಿದ್ದು ಆಮೇಲೆ ಕೊಲಂಬಿಯಾ ಕಂಪನಿಯ ಸ್ಟುಡಿಯೊ ಆದ 30ನೇ ಬೀದಿಯ ಕಟ್ಟಡದಲ್ಲಿ ‘ಕೈಂಡ್ ಆಫ್ ಬ್ಲೂ’ ಎಂಬ ಎಲ್‌ಪಿಯನ್ನು ಧ್ವನಿಮುದ್ರಿಸಿದರು. ಅದರ ಒಂದು ಕೃತಿಗೆ ವಿಂಟನ್ ಕೆಲ್ಲಿ, ಉಳಿದವುಗಳಿಗೆ ಬಿಲ್ ಎವನ್ಸ್ ಪಿಯಾನೊದ ಮುಂದೆ ಕುಳಿತಿದ್ದರು.

ಈ ಎರಡನ್ನೂ ಒಂದರ ಬೆನ್ನಿಗೊಂದರಂತೆ, ಪಿಯಾನೊಗೆ ಮಾತ್ರ ಕಿವಿಗೊಟ್ಟು ಕೇಳಿ ನೋಡಿ. ಗಾರ್ಲಂಡ್ ಅವರ ಪಿಯಾನೊದ ನಾದ ಗಿಡ್ಡವಾಗಿ, ಗಟ್ಟಿಯಾಗಿ, ಮಧ್ಯ ಸ್ಥಾಯಿಯಲ್ಲೇ ಒತ್ತೊತ್ತಾಗಿ ನಿಂತಿರುತ್ತದೆ. ಮರದ ಪೆಟ್ಟಿಗೆಯೊಂದರ ಒಳಗಿನಿಂದ ಬರುತ್ತಿದೆ ಎನಿಸಿದರೂ ಪ್ರತಿಯೊಂದು ಸ್ವರದ ಪೆಟ್ಟು ಎದುರಿಗೇ ಬಂದು ಬೀಳುತ್ತದೆ. ಎವನ್ಸ್ ಅವರ ಸ್ವರ ಹುಟ್ಟಿದ ಮೇಲೆ ಅದರ ಸುತ್ತ ಗಾಳಿ ತುಂಬಿಕೊಳ್ಳುತ್ತದೆ, ಮತ್ತು ಅದು ಕರಗುವಾಗ ಆ ಕಟ್ಟಡದ ಎತ್ತರವೂ ಕೇಳಿಸುತ್ತದೆ. ಹಾಗಾಗಿ “ಹಳೆಯ ಜ್ಯಾಝ್ ಪಿಯಾನೊದ ನಾದ ಬೇಕು” ಎಂದು ನನ್ನನ್ನು ಕೇಳುವವರಿಗೆ ನಾನು ಮೊದಲು ಕೇಳುವುದು, ಯಾವ ವರ್ಷದ್ದು, ಯಾವ ಕೋಣೆಯದ್ದು ಎಂದು. ಅದು ತೀರ್ಮಾನವಾಗುವ ಮುನ್ನ ಯಾವ ವಾದ್ಯ, ಯಾವ ಮೈಕ್, ಯಾವ ತಂತ್ರಾಂಶ ಎಂದು ಹೋಲಿಸುತ್ತ ಕೂರುವುದರಿಂದ ಹಣವೂ ಹೋಗುತ್ತದೆ, ಉತ್ಸಾಹವೂ ಕುಂದುತ್ತದೆ.

ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಮೊದಲ ಕೆಲವು ತಿಂಗಳು ನಾನು ಮಾಡಿದ್ದು, ಹೊಳಪಿನ ಹೊಸ ಗ್ರ್ಯಾಂಡ್ ಪಿಯಾನೊದ ಸ್ಯಾಂಪಲ್ (ಸ್ವರ ಸ್ವರವಾಗಿ ಮುದ್ರಿಸಿಟ್ಟ ನಾದ) ತೆಗೆದುಕೊಂಡು ಅದರ ಮೇಲೆ ಟೇಪಿನ ಸುಂಯ್‌ಗುಟ್ಟುವಿಕೆಯನ್ನೂ ತಟ್ಟೆಯ ಚಟಪಟ ಸದ್ದನ್ನೂ ಹಾಕಿದ್ದು. ಕೇಳಿದಾಗ ಅದು ಹಳೆಯ ಪಿಯಾನೊ ಆಗಿರಲಿಲ್ಲ, ಗದ್ದಲದ ಹಿಂದೆ ನಿಂತ ಹೊಸ ಪಿಯಾನೊ ಆಗಿತ್ತು. ಸವೆದ ತಟ್ಟೆಯ ಸದ್ದು ಆ ಕಾಲದ ಪಿಯಾನೊ ನಾದದ ಭಾಗವಲ್ಲ. ಆ ಮುದ್ರಣಗಳ ಮೂಲ ಟೇಪಿನಿಂದ ಚೆನ್ನಾಗಿ ಮಾಡಿದ ಮರುಪ್ರಕಟಣೆಗಳಲ್ಲಿ ಚಟಪಟ ಸದ್ದು ಇಲ್ಲವೇ ಇಲ್ಲ, ಆದರೂ ಆ ನಾದ ಪೂರ್ತಿಯಾಗಿ ಅಲ್ಲಿದೆ. ಅದು ಇರುವುದು ಕೋಣೆಯಲ್ಲಿ, ಮೈಕ್ ಇಟ್ಟ ದೂರದಲ್ಲಿ, ತಂತಿಗೆ ಬಡಿಯುವ ಸುತ್ತಿಗೆಯ ಉಣ್ಣೆ ಹೊದಿಕೆಯಾದ ಫೆಲ್ಟಿನಲ್ಲಿ ಮತ್ತು ನುಡಿಸುವ ಕೈಯಲ್ಲಿ.

ಮೊದಲು ಗುರಿಯ ಆಯ್ಕೆ

1930ರ ದಶಕದ ನಾದ, ಅಂದರೆ ಪಿಯಾನೊ ವಾದಕರಾದ ಟೆಡ್ಡಿ ವಿಲ್ಸನ್, ಫ್ಯಾಟ್ಸ್ ವಾಲರ್, ಆರ್ಟ್ ಟೇಟಂ ಅವರ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತಿನ) ತಟ್ಟೆಗಳ ನಾದ ಎಲ್ಲಕ್ಕಿಂತ ಸುಲಭವಾಗಿ ಕೈಗೆಟುಕುತ್ತದೆ. ವಿದ್ಯುತ್ ಮೈಕಿನ ಮೂಲಕ ಧ್ವನಿಮುದ್ರಿಸುವುದು 1925ರಲ್ಲಿ ಶುರುವಾಯಿತು. 1930ರ ದಶಕದ ಆರಂಭದಲ್ಲಿ ಆರ್‌ಸಿಎ ಕಂಪನಿಯ ರಿಬ್ಬನ್ ಮೈಕ್‌ಗಳು (ತೆಳು ಲೋಹದ ಪಟ್ಟಿಯಿಂದ ಧ್ವನಿ ಹಿಡಿಯುವಂಥವು) ಬಂದವು. ಸಂಗೀತವನ್ನು ನೇರವಾಗಿ ತಟ್ಟೆಯ ಮೇಲೆ ಕೊರೆಯುತ್ತಿದ್ದರು, ಮತ್ತು ಹತ್ತು ಇಂಚಿನ ತಟ್ಟೆಯ ಒಂದು ಬದಿಗೆ ಮೂರು ನಿಮಿಷದ ಆಸುಪಾಸು ಹಿಡಿಸುತ್ತಿತ್ತು. ಇಲ್ಲಿ ಮಂದ್ರ ಸ್ಥಾಯಿಯ ತಳವೂ ಇಲ್ಲ, ಮೇಲಿನ ಮಿನುಗೂ ಇಲ್ಲ. 100 ಹರ್ಟ್ಸ್‌ಗಿಂತ ಕೆಳಗಿನದನ್ನೂ 5 ಅಥವಾ 6 ಕಿಲೊಹರ್ಟ್ಸ್‌ಗಿಂತ ಮೇಲಿನದನ್ನೂ ಇಳಿಸಿ, ಮೊನೊ (ಎಡಬಲ ಭೇದವಿಲ್ಲದ ಒಂದೇ ವಾಹಿನಿ) ಮಾಡಿದರೆ ಅರ್ಧ ದಾರಿ ಬಂದ ಹಾಗೆ. ಅಮೆರಿಕದ ಸ್ಟುಡಿಯೊಗಳಿಗೆ ಟೇಪ್ ಬಂದದ್ದು 1940ರ ದಶಕದ ಕೊನೆಯಲ್ಲಿ ಎಂಬುದನ್ನು ಮಾತ್ರ ನೆನಪಿಡಬೇಕು. 1936ರ ನಾದ ಬೇಕೆಂದು ಟೇಪ್ ಪ್ಲಗಿನ್ (ಟೇಪಿನ ನಾದವನ್ನು ಅನುಕರಿಸುವ ಪುಟ್ಟ ತಂತ್ರಾಂಶ) ಹಾಕುವುದು ಕಾಲಕ್ಕೆ ಹೊಂದದ ಕೆಲಸ, ಮತ್ತು ಅದು ಕಿವಿಗೂ ಗೊತ್ತಾಗುತ್ತದೆ.

ಎರಡನೆಯದು ಹ್ಯಾಕೆನ್‌ಸ್ಯಾಕ್ ನಾದ. ನನ್ನ ಮನಸ್ಸು ಹೆಚ್ಚು ತಂಗುವುದು ಇಲ್ಲಿ, ಆದ್ದರಿಂದ ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ. ರೂಡಿ ವ್ಯಾನ್ ಗೆಲ್ಡರ್ ಕಣ್ಣು ಪರೀಕ್ಷಿಸಿ ಕನ್ನಡಕ ಬರೆದುಕೊಡುವ ವೃತ್ತಿಯವರು. ಹಗಲು ಆ ಕೆಲಸ ಮಾಡಿಕೊಂಡೇ ಅವರು ಹ್ಯಾಕೆನ್‌ಸ್ಯಾಕ್‌ನಲ್ಲಿದ್ದ ತಂದೆತಾಯಿಯ ಮನೆಯ ಹಾಲನ್ನು ಸ್ಟುಡಿಯೊ ಮಾಡಿಕೊಂಡು ಬ್ಲೂ ನೋಟ್, ಪ್ರೆಸ್ಟೀಜ್ ಮುಂತಾದ ಕಂಪನಿಗಳಿಗೆ ಧ್ವನಿಮುದ್ರಣ ಮಾಡಿದರು. 1959ರಲ್ಲಿ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ಎತ್ತರದ ಮರದ ಛಾವಣಿಯ ಸ್ವಂತ ಸ್ಟುಡಿಯೊ ಕಟ್ಟಿಸಿದ ಮೇಲೆ ಆ ಮನೆಯ ಅಧ್ಯಾಯ ಮುಗಿಯಿತು. ತಮ್ಮ ವಿಧಾನಗಳನ್ನು ಅವರು ಬೇರೆಯವರಿಗೆ ಹೇಳಿಕೊಡುತ್ತಿರಲಿಲ್ಲ. ಆದರೆ ನಾದವೇ ಬಹಳಷ್ಟನ್ನು ಹೇಳುತ್ತದೆ. ಕೋಣೆ ಚಿಕ್ಕದು, ಪಿಯಾನೊ, ಡ್ರಮ್, ಬಾಸ್ ಮತ್ತು ಊದುವ ವಾದ್ಯಗಳು ಒಂದೇ ಕಡೆ ಇದ್ದವು. ಡ್ರಮ್ಮಿನ ಸದ್ದು ಪಿಯಾನೊದ ಮೈಕಿಗೆ ನುಗ್ಗದಂತೆ ತಡೆಯಬೇಕಾದರೆ ಮೈಕ್ ತಂತಿಗಳಿಗೆ ತೀರ ಹತ್ತಿರ ಹೋಗಬೇಕು, ಮುಚ್ಚಳ ಕೆಳಗಿಳಿಯಬೇಕು. ಹಾಗೆ ಮಾಡಿದಾಗ ತಂತಿಯ ಮೇಲೆ ಸುತ್ತಿಗೆ ಬೀಳುವ ಪೆಟ್ಟು ದೊಡ್ಡದಾಗುತ್ತದೆ, ತಂತಿಗಳ ಕಂಪನವನ್ನು ಹಿಗ್ಗಿಸುವ ಮರದ ಧ್ವನಿಫಲಕ ಪೂರ್ತಿ ಅರಳಿ ಬರುವ ನಾದ ಕಡಿಮೆಯಾಗುತ್ತದೆ, ಮುಚ್ಚಳದ ಕೆಳಗೇ ಪ್ರತಿಧ್ವನಿಸಿದ ಮಧ್ಯ ಸ್ಥಾಯಿ ಉಬ್ಬುತ್ತದೆ. ಅದರ ಮೇಲೆ ಕಂಪ್ರೆಸರ್ (ಜೋರು–ಮೆಲ್ಲನೆಯ ಸದ್ದುಗಳ ಅಂತರ ತಗ್ಗಿಸುವ ಉಪಕರಣ) ಬಿದ್ದರೆ, ಸ್ವರ ತಾನಾಗಿ ಇಳಿಯುವ ಬದಲು ಒಂದೇ ಎತ್ತರದಲ್ಲಿ ತುಸು ಹೊತ್ತು ನಿಂತು ಆಮೇಲೆ ಬೀಳುತ್ತದೆ. ಈ ನಾದವನ್ನು ಡಬ್ಬಿಯೊಳಗಿನ ಸದ್ದು ಎಂದು ತೆಗಳುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಒಂಟಿ ಪಿಯಾನೊಗೆ ಇದು ನಿಜಕ್ಕೂ ಸಾಲದು. ಆದರೆ ಬಾಸ್ ಮತ್ತು ಡ್ರಮ್ ಜೊತೆಗಿರುವಾಗ ಈ ಗಿಡ್ಡ ನಾದ ಯಾರ ಜಾಗಕ್ಕೂ ಕೈಹಾಕದೆ ತನ್ನ ಮಾತನ್ನು ಸ್ಪಷ್ಟವಾಗಿ ಹೇಳುತ್ತದೆ.

ಮೂರನೆಯದಾದ 30ನೇ ಬೀದಿಯ ನಾದಕ್ಕೆ ಸುಮಾರು 100 ಅಡಿ ಎತ್ತರದ ಛಾವಣಿ ಇತ್ತು. ಅದು ಸಾಲದೆಂಬಂತೆ ನೆಲಮಾಳಿಗೆಯ ಕಾಂಕ್ರೀಟ್ ಕೋಣೆಯೊಂದರಲ್ಲಿ ಸ್ಪೀಕರ್ ಮತ್ತು ಮೈಕ್ ಇಟ್ಟು, ಅಲ್ಲಿನ ಪ್ರತಿಧ್ವನಿಯನ್ನು ಮೇಲಿನ ಸಂಗೀತಕ್ಕೆ ಬೆರೆಸುತ್ತಿದ್ದರು. ಇದನ್ನು ಮಾದರಿಯಾಗಿ ಇಟ್ಟುಕೊಳ್ಳುವವರು ಒಂದು ವಿಷಯವನ್ನು ಗಮನಿಸಬೇಕು. ‘ಕೈಂಡ್ ಆಫ್ ಬ್ಲೂ’ದ ಮಾರ್ಚ್ 2ರ ಮುದ್ರಣದ ದಿನ ಮುಖ್ಯ ಟೇಪ್ ಯಂತ್ರ ತುಸು ನಿಧಾನವಾಗಿ ಓಡಿದ್ದರಿಂದ, ಮೊದಲ ಬದಿಯ ಮೂರೂ ಕೃತಿಗಳು ದಶಕಗಳ ಕಾಲ ನಿಜವಾದ ಶ್ರುತಿಗಿಂತ ತುಸು ಮೇಲೆಯೇ ಕೇಳಿಸುತ್ತಿದ್ದವು, 1990ರ ದಶಕದ ಮರುಪ್ರಕಟಣೆಗಳಲ್ಲಿ ಅದನ್ನು ಸರಿಪಡಿಸಲಾಯಿತು. ಹಳೆಯ ಪ್ರತಿಯನ್ನು ಎದುರಿಗಿಟ್ಟುಕೊಂಡು ನಿಮ್ಮ ಪಿಯಾನೊವನ್ನು ಹೋಲಿಸಿದರೆ ನಿಮ್ಮದು ಮಂಕಾಗಿ, ಭಾರವಾಗಿ ಕೇಳಿಸುತ್ತದೆ, ಮತ್ತು ಇಲ್ಲದ ದೋಷವನ್ನು ಈಕ್ವಲೈಸರಿನಲ್ಲಿ (ಮಂದ್ರ, ತಾರಗಳ ಪ್ರಮಾಣ ಏರಿಸಿ ಇಳಿಸುವ ಸಾಧನ) ಹುಡುಕುತ್ತ ಕೂರಬೇಕಾಗುತ್ತದೆ.

ಇನ್ನೂ ಒಂದೆರಡು ಗುರಿಗಳಿವೆ. 1961ರ ಜೂನ್ 25ರಂದು ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಎಂಬ ನೆಲಮಾಳಿಗೆಯ ಕ್ಲಬ್ಬಿನಲ್ಲಿ ಬಿಲ್ ಎವನ್ಸ್, ಸ್ಕಾಟ್ ಲಫಾರೊ ಮತ್ತು ಪಾಲ್ ಮೋಷನ್ ನುಡಿಸಿದ ನಾದದಲ್ಲಿ ಗ್ಲಾಸುಗಳ ಕಿಣಿಕಿಣಿ, ಜನರ ಮಾತು ಎಲ್ಲವೂ ಸೇರಿಕೊಂಡಿವೆ. ಎರೋಲ್ ಗಾರ್ನರ್ 1955ರಲ್ಲಿ ಕ್ಯಾಲಿಫೋರ್ನಿಯಾದ ಕಾರ್ಮೆಲ್‌ನಲ್ಲಿ ಕೊಟ್ಟ ಕಛೇರಿಯ ಮುದ್ರಣದಲ್ಲಿ ಪಿಯಾನೊದ ಶ್ರುತಿಯೇ ಪೂರ್ತಿ ಕೂಡಿಲ್ಲ, ಮುದ್ರಣವೂ ಒರಟು. ಆದರೂ ಅದು ಜ್ಯಾಝ್‌ನಲ್ಲಿ ಅತಿ ಹೆಚ್ಚು ಮಾರಾಟವಾದ ಎಲ್‌ಪಿಗಳಲ್ಲಿ ಒಂದಾಯಿತು. ಇವು ಕೇಳಿ ಆನಂದಿಸಲು ಅಮೂಲ್ಯ. ಅನುಕರಿಸಲು ಹೊರಡುವವರಿಗೆ ಮೊದಲ ಗುರಿಯಾಗಿ ನಾನು ಇವನ್ನು ಸೂಚಿಸುವುದಿಲ್ಲ.

ನಿಜವಾದ ವಾದ್ಯವೇ ಇದ್ದರೆ

ಮನೆಯಲ್ಲಿ ತಂತಿಗಳು ನೆಟ್ಟಗೆ ನಿಂತಿರುವ ಹಳೆಯ ಅಪ್‌ರೈಟ್ ಪಿಯಾನೊ ಇರುವವರು ತಂತ್ರಾಂಶಕ್ಕೆ ಹೋಗುವ ಮೊದಲು ಅದನ್ನೇ ಪ್ರಯತ್ನಿಸಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಹ್ಯಾಕೆನ್‌ಸ್ಯಾಕ್‌ನಲ್ಲಿದ್ದದ್ದು ಸ್ಟೈನ್‌ವೇ ಗ್ರ್ಯಾಂಡ್, ನಿಜ. ಆದರೆ ಮುಚ್ಚಳ ಇಳಿಸಿ, ಹತ್ತಿರದಿಂದ ಹಿಡಿದು, ಮೇಲುಕೆಳಗೆ ಕತ್ತರಿಸಿದ ಗ್ರ್ಯಾಂಡಿನ ನಾದಕ್ಕೆ ಒಳ್ಳೆಯ ಅಪ್‌ರೈಟ್ ಅಚ್ಚರಿಯಾಗುವಷ್ಟು ಹತ್ತಿರ ಬರುತ್ತದೆ. ಅದೇ ಅಪ್‌ರೈಟ್‌ನಿಂದ 30ನೇ ಬೀದಿಯ ನಾದ ತೆಗೆಯಲು ಹೋದರೆ ನಿರಾಸೆ ಖಂಡಿತ. ಅದಕ್ಕೆ ಉದ್ದ ತಂತಿಯ ಗ್ರ್ಯಾಂಡೂ ದೊಡ್ಡ ಕೋಣೆಯೂ ಎರಡೂ ಬೇಕು.

ಮಾಡುವ ಕ್ರಮ ಹೀಗೆ. ಪಿಯಾನೊವನ್ನು ಗೋಡೆಯಿಂದ ಎರಡು ಅಡಿ ಈಚೆಗೆ ಎಳೆದುಕೊಳ್ಳಿ. ಮೇಲಿನ ಮುಂಭಾಗದ ಹಲಗೆಯನ್ನು ಬಿಚ್ಚಿ, ಒಂದೇ ಮೈಕನ್ನು ಸುತ್ತಿಗೆಗಳಿಂದ ಒಂದು ಗೇಣು ದೂರದಲ್ಲಿ, ಕೀಲಿಮಣೆಯ ನಡುವಿನ ‘ಸಿ’ಗಿಂತ ತುಸು ಬಲಕ್ಕೆ ಇಡಿ. ಪಿಯಾನೊದ ಬೆನ್ನಿಗೆ ದಪ್ಪ ಕಂಬಳಿ ಹೊದಿಸಿ. ನಮ್ಮ ಮನೆಗಳ ನೆಲ ಗ್ರಾನೈಟ್ ಅಥವಾ ಟೈಲ್ಸ್, ತಾರಸಿ ಕಾಂಕ್ರೀಟ್. ಈ ಗಟ್ಟಿ ಮೈಗಳಿಂದ ಹಿಂದಿರುಗುವ ಕಿರುಚು ಪ್ರತಿಧ್ವನಿ ಹ್ಯಾಕೆನ್‌ಸ್ಯಾಕ್‌ನ ಹಾಲಿನದ್ದೂ ಅಲ್ಲ, 30ನೇ ಬೀದಿಯದ್ದೂ ಅಲ್ಲ. ನೆಲಕ್ಕೆ ಜಮಖಾನ ಹಾಸಿ, ಎದುರು ಗೋಡೆಗೆ ಹಾಸಿಗೆಯೊಂದನ್ನು ಒರಗಿಸಿದಾಗ ನನ್ನ ಕೋಣೆಯಲ್ಲಿ ಆದ ಬದಲಾವಣೆ ಯಾವ ಪ್ಲಗಿನ್ನಿನಿಂದಲೂ ಆಗಿರಲಿಲ್ಲ.

ಶ್ರುತಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಹಳೆಯ ನಾದ ಬೇಕೆಂದು ಪಿಯಾನೊವನ್ನು ಶ್ರುತಿ ತಪ್ಪಿದ ಸ್ಥಿತಿಯಲ್ಲೇ ಬಿಡುವವರಿದ್ದಾರೆ. ಮಂಗಳೂರಿನಂಥ ಕರಾವಳಿಯ ಊರಿನಲ್ಲಿ ಮಳೆಗಾಲದ ತೇವಕ್ಕೆ ಧ್ವನಿಫಲಕ ಉಬ್ಬಿ ಶ್ರುತಿ ತಾನಾಗಿಯೇ ಏರುಪೇರಾಗುತ್ತದೆ. ಅದನ್ನು ಹಳೆಯ ಕಾಲದ ಸೊಗಸೆಂದು ತಿಳಿಯಬಾರದು. ಹ್ಯಾಕೆನ್‌ಸ್ಯಾಕ್‌ನಲ್ಲಾಗಲಿ ಕೊಲಂಬಿಯಾದಲ್ಲಾಗಲಿ ಪಿಯಾನೊಗಳನ್ನು ಜೋಪಾನವಾಗಿ ಇಟ್ಟಿದ್ದರು. ಶ್ರುತಿಗಾರರನ್ನು ಕರೆಸಿದಾಗ ಶ್ರುತಿಯ ಜೊತೆಗೆ ಸುತ್ತಿಗೆಯ ಫೆಲ್ಟನ್ನು ಸೂಜಿಯಿಂದ ಚುಚ್ಚಿ ತುಸು ಮೆತ್ತಗೆ ಮಾಡಿಕೊಡಲು ಕೇಳಿ. ವರ್ಷಗಟ್ಟಲೆ ತಂತಿಗೆ ಬಡಿದು ಗಟ್ಟಿಯಾದ ಫೆಲ್ಟ್ ಕೊಡುವ ಲೋಹದ ಹೊಳಪು ಹೋಗಿ ಮರದ ಧ್ವನಿ ಹೊರಬರುತ್ತದೆ.

ಸ್ಯಾಂಪಲ್ಲೋ, ಲೆಕ್ಕಾಚಾರದ ಪಿಯಾನೊವೋ

ನಮ್ಮಲ್ಲಿ ಹೆಚ್ಚಿನವರ ಹತ್ತಿರ ಇರುವುದು ಕೀಬೋರ್ಡ್ ಮತ್ತು ಕಂಪ್ಯೂಟರ್. ಅಲ್ಲಿ ಇರುವುದು ಎರಡು ದಾರಿ. ಒಂದು, ನಿಜವಾದ ಪಿಯಾನೊದ ಪ್ರತಿ ಸ್ವರವನ್ನೂ ಹಲವು ಬಲಗಳಲ್ಲಿ ಮುದ್ರಿಸಿಟ್ಟ ಸ್ಯಾಂಪಲ್ ಲೈಬ್ರರಿ. ಇನ್ನೊಂದು, ತಂತಿ, ಸುತ್ತಿಗೆ, ಧ್ವನಿಫಲಕಗಳ ವರ್ತನೆಯನ್ನು ಗಣಿತದಿಂದ ಲೆಕ್ಕ ಹಾಕಿ ನುಡಿಸಿದ ಕ್ಷಣದಲ್ಲೇ ನಾದ ಹುಟ್ಟಿಸುವ ಪಿಯಾನೊಟೆಕ್‌ನಂಥ ತಂತ್ರಾಂಶ.

ಸ್ಯಾಂಪಲ್‌ನಲ್ಲಿ ಮೈಕನ್ನು ಎಲ್ಲಿಡಬೇಕೆಂದು ಬೇರೆ ಯಾರೋ ಮೊದಲೇ ತೀರ್ಮಾನಿಸಿರುತ್ತಾರೆ. ಅದು ನಿಮ್ಮ ಗುರಿಗೆ ಹೊಂದಿದರೆ ಅದಕ್ಕಿಂತ ಒಳ್ಳೆಯದಿಲ್ಲ, ಹೊಂದದಿದ್ದರೆ ಏನು ಮಾಡಿದರೂ ಬದಲಾಗದು. ಉಚಿತವಾಗಿ ಸಿಗುವ ಸಲಮಾಂಡರ್ ಪಿಯಾನೊ ಯಮಹಾ ಸಿ5 ಗ್ರ್ಯಾಂಡಿನದ್ದು. ಅದಕ್ಕೆ ಎರಡು ಎಕೆಜಿ ಮೈಕ್‌ಗಳನ್ನು ತಂತಿಗಳಿಂದ ಸುಮಾರು 12 ಸೆಂಟಿಮೀಟರ್ ಮೇಲೆ ಇಡಲಾಗಿತ್ತು. ಯಮಹಾ ಸ್ವಭಾವತಃ ಹೊಳಪಿನ ವಾದ್ಯ, ಆದರೂ ಇಷ್ಟು ಹತ್ತಿರದ ಮೈಕ್ ಹ್ಯಾಕೆನ್‌ಸ್ಯಾಕ್ ಗುರಿಗೆ ಸರಿಯಾದ ಆರಂಭ. ಹಣ ಹಾಕದೆ ಶುರುಮಾಡುವವರಿಗೆ ನಾನು ಇದನ್ನೇ ಹೇಳುತ್ತೇನೆ. ನೇಟಿವ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ‘ದಿ ಜೆಂಟಲ್‌ಮನ್’ 1908ರ ಅಪ್‌ರೈಟ್ ಒಂದರ ಸ್ಯಾಂಪಲ್. 1930ರ ದಶಕದ ನಾದ ಬಯಸುವವರಿಗೆ ಇದು ಒಪ್ಪುತ್ತದೆ. 30ನೇ ಬೀದಿಯ ಗುರಿಯಿರುವವರು ದೂರದ ಮೈಕುಗಳನ್ನೂ ಪ್ರತ್ಯೇಕವಾಗಿ ಕೊಡುವ, ದೊಡ್ಡ ಸ್ಟುಡಿಯೊದಲ್ಲಿ ಮುದ್ರಿಸಿದ ಗ್ರ್ಯಾಂಡಿನ ಲೈಬ್ರರಿಯನ್ನು ಕೊಳ್ಳಬೇಕು. ಅವು ಹತ್ತಾರು ಗಿಗಾಬೈಟ್ ಜಾಗ ತಿನ್ನುತ್ತವೆ, ಬೆಲೆಯೂ ಹೆಚ್ಚು.

ಪಿಯಾನೊಟೆಕ್ ಈ ವಿಷಯದಲ್ಲಿ ಬೇರೆಯೇ ಜಾತಿ. ಅದರ ಗಾತ್ರ ಕೆಲವೇ ಹತ್ತು ಮೆಗಾಬೈಟ್. ಮೈಕನ್ನು ಎಲ್ಲಿಗೆ ಬೇಕಾದರೂ ಸರಿಸಬಹುದು, ಮುಚ್ಚಳವನ್ನು ಏರಿಸಿ ಇಳಿಸಬಹುದು, ಮೆಲ್ಲಗೆ, ಮಧ್ಯಮವಾಗಿ, ಜೋರಾಗಿ ನುಡಿಸುವಾಗಿನ ಸುತ್ತಿಗೆಯ ಗಡಸನ್ನು ಮೂರು ಬೇರೆ ಬೇರೆ ಕಡ್ಡಿಗಳಿಂದ ಹೊಂದಿಸಬಹುದು, ಒಂದೇ ಸ್ವರದ ಮೂರು ತಂತಿಗಳ ನಡುವೆ ಕೂದಲೆಳೆಯ ಶ್ರುತಿಭೇದ ತರಬಹುದು. ಕೊಳ್ಳುವಾಗ ಗಮನಿಸಬೇಕಾದದ್ದು, ಇವೆಲ್ಲ ಅದರ ಅಗ್ಗದ ಆವೃತ್ತಿಯಾದ ಸ್ಟೇಜ್‌ನಲ್ಲಿ ಸಿಗುವುದಿಲ್ಲ; ಕನಿಷ್ಠ ಸ್ಟ್ಯಾಂಡರ್ಡ್ ಬೇಕು. ನಮ್ಮ ಕೆಲಸಕ್ಕೆ ಬೇಕಾದದ್ದೇ ಈ ಸೌಲಭ್ಯಗಳಾದ್ದರಿಂದ ಸ್ಟೇಜ್ ಕೊಂಡು ಉಳಿಸಿದ ಹಣ ಉಳಿತಾಯವಲ್ಲ. ಕೆಲವು ಕೀಲಿಗಳು ನುಡಿಯದ, ಇಪ್ಪತ್ತು ನಿಮಿಷಕ್ಕೆ ನಿಲ್ಲುವ ಉಚಿತ ಪರೀಕ್ಷಾ ಆವೃತ್ತಿ ಇದೆ. ಅದರಲ್ಲಿ ಸ್ಟೈನ್‌ವೇ ಮಾಡೆಲ್ ಬಿ ಆರಿಸಿ ಒಂದೆರಡು ಸಂಜೆ ಪ್ರಯತ್ನಿಸಿ ನೋಡಿ ಆಮೇಲೆ ನಿರ್ಧರಿಸಬಹುದು.

ಎರಡರ ನಡುವೆ ನನ್ನ ತೀರ್ಪು ಹೀಗಿದೆ. ಪೆಡಲ್ ಅರ್ಧ ಒತ್ತಿ ನುಡಿಸುವವರಿಗೆ, ಒಂದೇ ಸ್ವರವನ್ನು ಬೇಗ ಬೇಗ ಮರುಕಳಿಸುವವರಿಗೆ, ಕಾರ್ಡ್‌ನ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪಿನ) ಒಂದು ಸ್ವರ ಇನ್ನೊಂದನ್ನು ಎಬ್ಬಿಸುವ ಸೂಕ್ಷ್ಮ ಬೇಕೆನ್ನುವವರಿಗೆ ಲೆಕ್ಕಾಚಾರದ ಪಿಯಾನೊ ಕೈಗೆ ಒಗ್ಗುತ್ತದೆ. ಆದರೆ ಮಧ್ಯ ಸ್ಥಾಯಿಯ ಕಾರ್ಡ್ ಒಂದನ್ನು ಗಟ್ಟಿಯಾಗಿ ಬಾರಿಸಿದಾಗ ಕೇಳಿಸುವ ಮರದ ಒರಟುತನ ಒಳ್ಳೆಯ ಸ್ಯಾಂಪಲ್‌ನಲ್ಲಿ ಇನ್ನೂ ಹೆಚ್ಚು ನಂಬುವಂತಿರುತ್ತದೆ. ಹ್ಯಾಕೆನ್‌ಸ್ಯಾಕ್ ಗುರಿಗೆ ನಾನು ಮುದ್ರಿಸುವಾಗ ಬಳಸುವುದು ಸ್ಯಾಂಪಲ್, ದಿನನಿತ್ಯದ ಅಭ್ಯಾಸಕ್ಕೆ ಪಿಯಾನೊಟೆಕ್.

ಯಾವುದನ್ನೇ ಆರಿಸಿದರೂ ಮೊದಲು ಮಾಡಬೇಕಾದದ್ದು ಅದನ್ನು ಮೊನೊ ಮಾಡುವುದು. ಇಂದಿನ ತಂತ್ರಾಂಶಗಳು ಮಂದ್ರವನ್ನು ಎಡಕಿವಿಗೂ ತಾರವನ್ನು ಬಲಕಿವಿಗೂ ಹರಡಿ, ನಾವೇ ಪಿಯಾನೊದ ಒಳಗೆ ಕುಳಿತಂತೆ ಕೇಳಿಸುತ್ತವೆ. 1950ರ ದಶಕದ ಸ್ಟೀರಿಯೊ ಮುದ್ರಣಗಳಲ್ಲಿಯೂ ಪಿಯಾನೊ ಒಂದು ಕಡೆ ನಿಂತಿರುತ್ತಿತ್ತು, ವೇದಿಕೆಯ ಉದ್ದಕ್ಕೂ ಹಾಸಿಕೊಂಡಿರುತ್ತಿರಲಿಲ್ಲ. ಮೊನೊ ಮಾಡುವಾಗ ಎರಡು ಮೈಕುಗಳನ್ನು ಬೆರೆಸಿದರೆ ಕೆಲವು ಸ್ವರಗಳು ಟೊಳ್ಳಾಗುತ್ತವೆ. ಎಡ ಅಥವಾ ಬಲ ಒಂದನ್ನೇ ಉಳಿಸಿಕೊಳ್ಳುವುದು ಹೆಚ್ಚು ಸುರಕ್ಷಿತ.

ಮೈಕ್ ಮತ್ತು ಟೇಪ್

ನಿಜವಾದ ವಾದ್ಯ ಮುದ್ರಿಸುವವರಿಗೆ ಆಯ್ಕೆ ರಿಬ್ಬನ್ ಮತ್ತು ಕಂಡೆನ್ಸರ್ ಎಂಬ ಎರಡು ಬಗೆಯ ಮೈಕ್‌ಗಳ ನಡುವೆ. 1930–40ರ ದಶಕಗಳ ನಾದಕ್ಕೆ ರಿಬ್ಬನ್. ಮೇಲಿನ ಹೊಳಪನ್ನು ಅದು ತಾನೇ ಇಳಿಸುತ್ತದೆ, ಹತ್ತಿರ ಹೋದಷ್ಟೂ ತಳ ದಪ್ಪವಾಗುತ್ತದೆ. ಅದರ ಒಳಗಿನ ಲೋಹದ ಪಟ್ಟಿ ತೀರ ತೆಳು; ರಭಸದ ಗಾಳಿಗೆ ಹಿಗ್ಗಿ ಕೆಡುತ್ತದೆ. ಆದ್ದರಿಂದ ಫ್ಯಾನ್ ಆರಿಸದೆ ಅದನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯಬಾರದು. ಹ್ಯಾಕೆನ್‌ಸ್ಯಾಕ್ ನಾದಕ್ಕೆ ದೊಡ್ಡ ಪರದೆಯ ಕಂಡೆನ್ಸರ್ ಮೈಕ್ ಬೇಕು. ಜರ್ಮನಿಯ ನಾಯ್ಮನ್ ಯು47 ಮೈಕನ್ನು ಅಮೆರಿಕದಲ್ಲಿ ಮೊದಮೊದಲು ಬಳಸಿದವರಲ್ಲಿ ವ್ಯಾನ್ ಗೆಲ್ಡರ್ ಒಬ್ಬರು. ಅಸಲಿ ಯು47 ನಮ್ಮ ಕೈಗೆಟುಕುವ ಮಾತಲ್ಲ. ಸಾಧಾರಣ ಬೆಲೆಯ ಕಂಡೆನ್ಸರ್ ಆದರೂ ಸಾಕು, ದೂರ ಸರಿಯಾಗಿದ್ದರೆ.

ಟೇಪ್ ಪ್ಲಗಿನ್‌ಗಳಲ್ಲಿ ಉಚಿತವಾದ ಚೌ ಟೇಪ್‌ನಿಂದ ಹಿಡಿದು ಆಂಪೆಕ್ಸ್ ಯಂತ್ರಗಳನ್ನು ಅನುಕರಿಸುವ ದುಬಾರಿ ಪ್ಲಗಿನ್‌ಗಳವರೆಗೆ ಹಲವಿವೆ. ಇವುಗಳ ನಡುವಿನ ವ್ಯತ್ಯಾಸ ಪಿಯಾನೊದ ಮಟ್ಟಿಗೆ ನನಗೆ ದೊಡ್ಡದಾಗಿ ಕಂಡಿಲ್ಲ. ವೇಗ ಸೆಕೆಂಡಿಗೆ 15 ಇಂಚು, ಜೋರಿನ ಸ್ವರಗಳ ತುದಿ ಮಾತ್ರ ದುಂಡಗಾಗುವಷ್ಟು ಮಟ್ಟ. ಯಂತ್ರದ ತೊನೆದಾಟದ ಗುಂಡಿಯನ್ನು ಸೊನ್ನೆಗೆ ಹತ್ತಿರ ಇಡಿ. ಪಿಯಾನೊದ ಸ್ವರ ಅಲುಗದೆ ನಿಲ್ಲುವಂಥದ್ದು, ಹಾಗಾಗಿ ತೊನೆತ ಎಲ್ಲ ವಾದ್ಯಗಳಿಗಿಂತ ಅದರಲ್ಲಿ ಬೇಗ ಎದ್ದು ಕಾಣುತ್ತದೆ. ಕಂಪ್ರೆಸರ್‌ಗೆ 3:1 ಪ್ರಮಾಣ, ಮೂರರಿಂದ ಐದು ಡೆಸಿಬೆಲ್ ಇಳಿಕೆ. ಈಕ್ವಲೈಸರಿನಲ್ಲಿ 80 ಹರ್ಟ್ಸ್ ಕೆಳಗೆ ಕತ್ತರಿಸಿ, 8 ಕಿಲೊಹರ್ಟ್ಸ್‌ನಿಂದ ಮೇಲೆ ಇಳಿಜಾರು ಕೊಡಿ. 30ನೇ ಬೀದಿಯ ಗುರಿಯಾದರೆ ಕಂಪ್ರೆಸರ್ ಬಿಟ್ಟು, ಪ್ರತಿಧ್ವನಿ ಕೋಣೆಯ ಮಾದರಿಯ ರಿವರ್ಬ್ (ಕೃತಕ ಪ್ರತಿಧ್ವನಿ) ಅನ್ನು ತೆಳುವಾಗಿ ಬೆರೆಸಿದರೆ ಸಾಕು.

ಕೈ

ಇಷ್ಟೆಲ್ಲ ಸರಿಯಾದ ಮೇಲೂ ನಾದ ಹೊಂದುತ್ತಿಲ್ಲವೆಂದರೆ ಕಾರಣ ಹೆಚ್ಚಾಗಿ ಎಡಗೈಯಲ್ಲಿರುತ್ತದೆ. ಗಾರ್ಲಂಡ್ ಅವರ ಕಾರ್ಡ್‌ಗಳಲ್ಲಿ ಎಡಗೈ ಮೂಲ ಸ್ವರವನ್ನು ಬಿಟ್ಟು, ಮಧ್ಯ ‘ಸಿ’ಯ ಸುತ್ತಮುತ್ತಲೇ ನಾಲ್ಕು ಸ್ವರಗಳನ್ನು ಒತ್ತುತ್ತದೆ; ಬಲಗೈ ಅದೇ ಲಯದಲ್ಲಿ ಒಂದು ಅಷ್ಟಕವನ್ನು, ನಡುವೆ ಪಂಚಮದ ಅಂತರದ ಸ್ವರದೊಡನೆ ಒತ್ತುತ್ತದೆ. ಮೂಲ ಸ್ವರವನ್ನು ಬಾಸ್ ವಾದಕ ಪಾಲ್ ಚೇಂಬರ್ಸ್ ನೋಡಿಕೊಳ್ಳುತ್ತಿದ್ದರು. ಪಿಯಾನೊದ ತಳವೇ ಕೇಳಿಸದಂತೆ ಮುದ್ರಿಸಲು ಸಾಧ್ಯವಾದದ್ದು, ಪಿಯಾನೊ ವಾದಕರು ಅಲ್ಲಿಗೆ ಕೈ ಇಳಿಸುತ್ತಿರಲಿಲ್ಲವಾದ್ದರಿಂದಲೂ ಹೌದು. ಎಡಗೈಯಿಂದ ಮಂದ್ರದ ಮೂಲ ಸ್ವರ ಹಿಡಿದು ನುಡಿಸುವ ಅಭ್ಯಾಸವಿರುವವರು ಅದೇ ಸಲಕರಣೆಯಲ್ಲಿ ನುಡಿಸಿದರೆ ನಾದ ಕೆಸರಾಗುತ್ತದೆ, ಆಗ ದೂರು ಮೈಕಿನ ಮೇಲೆ ಹೋಗುತ್ತದೆ.

ಪರೀಕ್ಷಿಸುವುದು ಹೀಗೆ: ನಿಮ್ಮ ಮುದ್ರಣವನ್ನೂ ಮಾದರಿಯ ಮುದ್ರಣವನ್ನೂ ಮೊನೊ ಮಾಡಿ, ಒಂದೇ ಗಟ್ಟಿತನಕ್ಕೆ ತಂದು, ಒಂದೇ ಸ್ಪೀಕರಿನಲ್ಲಿ ಕೇಳಿ. ಮೊದಲು ಕಿವಿಗೊಡಬೇಕಾದದ್ದು ಸ್ವರದ ಪೆಟ್ಟಿಗೆ, ಆಮೇಲೆ ಅದು ಎಷ್ಟು ಹೊತ್ತಿಗೆ ಬೀಳುತ್ತದೆ ಎಂಬುದಕ್ಕೆ, ಕೊನೆಗೆ ಹೊಳಪಿಗೆ. ಪೆಟ್ಟು ಹೊಂದದಿದ್ದರೆ ಫೆಲ್ಟ್ ಅಥವಾ ಕೈ. ಬೀಳುವ ಹೊತ್ತು ಹೊಂದದಿದ್ದರೆ ಮೈಕಿನ ದೂರ, ಕೋಣೆ ಅಥವಾ ಕಂಪ್ರೆಸರ್. ಈಕ್ವಲೈಸರನ್ನು ಮುಟ್ಟುವುದು ಇವೆರಡೂ ಕೂಡಿದ ಮೇಲೆಯೇ.